ನೌಬಾದಿನ ಗಂಟಿಗೆ ಮರೆವು ಬಂದ ದಿನ

ಒಂದು ಕೋಟಿ ಹದಿನಾಲ್ಕು ಲಕ್ಷದ ಆರುನೂರ ಎರಡನೆಯ ಕಲ್ಲು,
ನೌಬಾದ್, ಬೀದರ ಸೀಮೆ.

ಬಿಟ್‌ಕಾಯಿನ್ ಗಂಟುಗಳ ತಂತ್ರಾಂಶವನ್ನು ತಿದ್ದುತ್ತ ಕೂತಿರುವ ಹಿಂದಿನ ಕಾಲದ ಹಿರಿಯರಿಗೆ ಇರಮ್ಮನ ಶರಣು. ಮೇಲಿನ ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಹಬ್ಬಗಳು ಉಳಿದಿವೆ, ಇಸವಿ ತಾರೀಖು ಹೋಗಿ ಎಷ್ಟೋ ತಲೆಮಾರಾಯಿತು. ಹತ್ತು ನಿಮಿಷಕ್ಕೊಂದರಂತೆ ಬಿಟ್‌ಕಾಯಿನ್ ಲೆಕ್ಕದ ಸರಪಳಿಗೆ ಸೇರುವ ಬ್ಲಾಕನ್ನು ನಾವು ಕಲ್ಲು ಅನ್ನುತ್ತೇವೆ, ಅದರಿಂದಲೇ ಹೊತ್ತು ತಿಳಿಯುತ್ತೇವೆ. ನನ್ನ ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಚೆಂದ ಮಾಡಿ ಬರೆಯುವ ತಾಳ್ಮೆ ನನಗಿಲ್ಲ.

ನಮ್ಮೂರಿಗೆ ನೀರು ಬರುವುದು ನೆಲದೊಳಗಿನ ಹಳೆಯ ಸುರಂಗದ ದಾರಿಯಾಗಿ, ಮೇಲಿನ ಸುಲ್ತಾನಬಾವಿ ಎಂಬ ಊರಿನಿಂದ. ಎರಡೂ ಊರಿನ ಗಂಟುಗಳ ನಡುವೆ, ಅಂದರೆ ನೀವು ನೋಡ್ ಅನ್ನುವ ಯಂತ್ರಗಳ ನಡುವೆ, ಇಬ್ಬರೂ ನಾಣ್ಯ ಕೂಡಿಟ್ಟಿರುವ ಪಾವತಿಯ ಒಂದು ಚಾನೆಲ್ ಇದೆ. ಅದರಲ್ಲಿ ಯಾರ ಪಾಲು ಎಷ್ಟು ಉಳಿದಿದೆ ಎಂಬುದೇ ಗಂಟಿನ ನೆನಪು. ಕೊಡಕ್ಕೊಂದು ನಾಣ್ಯದ ಚೂರು ಅದರಲ್ಲಿ ಹರಿದರೆ ಅಲ್ಲಿನ ತೂಬು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಬೆಳಗ್ಗೆ ರೊಟ್ಟಿಯ ಹಿಟ್ಟು ನಾದುವ ಹೊತ್ತಿಗೆ ಗಂಟು ಟಿಕ್ ಟಿಕ್ ಅನ್ನತೊಡಗುತ್ತದೆ, ಆ ಸದ್ದಿಗೇ ಊರಿನ ಕೂಸುಗಳು ಏಳುತ್ತವೆ. ಆಯುಧಪೂಜೆಯ ದಿನ ಗಂಟಿನ ನೆನಪನ್ನೆಲ್ಲ ಒಂದು ಫಲಕಕ್ಕೆ ಇಳಿಸಿ, ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲೆ ಇಡುವುದು ನಮ್ಮ ಪದ್ಧತಿ. ನನಗಿಂತ ಮೊದಲು ಗಂಟು ಕಾಯುತ್ತಿದ್ದ ನನ್ನ ಅತ್ತೆಯೂ ಹಾಗೇ ಮಾಡುತ್ತಿದ್ದಳು.

ನಿನ್ನೆ ತಂತ್ರಾಂಶದ ಹೊಸ ಆವೃತ್ತಿ ಬಂತು. ಬಲು ಚುರುಕು ಅಂದರು, ಹಾಕಿದೆ. ನಡುವೆ ಕರೆಂಟು ಕೈಕೊಟ್ಟು ಗಂಟಿನ ನೆನಪು ಅಳಿಸಿಹೋಯಿತು. ಕೊನೆಗೆ ಏನಿತ್ತೆಂದು ಸುಲ್ತಾನಬಾವಿಯವರನ್ನು ಕೇಳಬೇಕಿತ್ತು. ನಾನು ಸ್ನಾನ ಮಾಡಿ ಬಂದು, ಕೈಮುಗಿದು, ಜಗಲಿಯ ಮೇಲಿನ ಪೂಜೆಯ ಪ್ರತಿಯನ್ನು ತುಂಬಿದೆ. ಪೂಜೆಗಿಟ್ಟಿದ್ದು ಸುಳ್ಳಾಡುತ್ತದೆಯೇ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ! ದಸರೆಯಿಂದ ಈಚೆಗೆ ನಾವು ಕುಡಿದ ಒಂದು ಕೊಡವೂ ಅದಕ್ಕೆ ಗೊತ್ತಿರಲಿಲ್ಲ. ಗಂಟು ಎಚ್ಚೆತ್ತು, ದಸರೆಯ ದಿನ ಇದ್ದ ನಾಣ್ಯವೆಲ್ಲ ಇವತ್ತಿಗೂ ನಮ್ಮದೇ ಎಂದು ಸರಪಳಿಗೆ ಸಾರಿ, ಚಾನೆಲನ್ನು ಮುಚ್ಚಿಬಿಟ್ಟಿತು. ಒಮ್ಮೆ ಸಾರಿದ್ದನ್ನು ವಾಪಸು ಪಡೆಯಲು ದಾರಿಯಿಲ್ಲ.

ಹೀಗೆ ಹಳೆಯದನ್ನು ಸಾರಿದವರು ಕಳ್ಳರು ಎಂಬುದು ನಿಮ್ಮ ಕಾಲದಲ್ಲೇ ಆದ ನಿಯಮ. ನೂರ ನಲವತ್ತನಾಲ್ಕು ಕಲ್ಲಿನೊಳಗೆ, ಅಂದರೆ ಒಂದು ದಿನದೊಳಗೆ, ಎದುರಿನವರ ಕಾವಲುಗೋಪುರ ಅದನ್ನು ಕಂಡರೆ ನಮ್ಮ ಪಾಲೆಲ್ಲ ಅವರಿಗೆ ಹೋಗುತ್ತದೆ. ಗೋಪುರ ಅಂದರೆ ಕಳ್ಳತನ ಹಿಡಿಯಲೆಂದೇ ಇರುವ ಯಂತ್ರ. ಸದ್ಯಕ್ಕೆ ಅದೂ ಹೊಸ ಆವೃತ್ತಿ ಹಾಕಿಸಿಕೊಳ್ಳುತ್ತ ಮಲಗಿದೆ. ಅದು ಎದ್ದರೆ ನಮ್ಮ ಮುನ್ನೂರು ಮನೆಗೆ ನೀರಿಲ್ಲ. ಏಳದಿದ್ದರೆ, ನಾವು ಕುಡಿದು ಮುಗಿಸಿದ ನೀರಿನ ನಾಣ್ಯ ನಮಗೇ ಮರಳಿ, ಆ ನಾಣ್ಯದಿಂದಲೇ ನಡೆಯುವ ಅವರ ಪಂಪು ನಿಲ್ಲುತ್ತದೆ. ಏಳದಿರಲಪ್ಪಾ ಎಂದು ಬೇಡಿಕೊಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ನನಗೇ ನನ್ನ ಮೇಲೆ ಹೆದರಿಕೆಯಾಗಿ, ಅಲ್ಲಿ ಗಂಟು ಕಾಯುವ ಬಶೀರಾಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

“ಗೋಪುರಕ್ಕ ಕಿವಿ ಇಲ್ಲ ಇರಮ್ಮಕ್ಕಾ,” ಅಂದಳು. “ಎದ್ರ ನಿಮ್ಮದೆಲ್ಲಾ ತಂದು ನಮಗ ಕೊಡ್ತದ. ಹೊಳ್ಳಿ ಕೊಡ್ತೀವಿ ಅಂತ ನಾ ಒಬ್ಬಾಕಿ ಹ್ಯಾಂಗ ಮಾತು ಕೊಡ್ಲಿ? ನಮ್ಮ ಮಂದೀನೂ ನೀರಿಲ್ದೆ ಸಾಯೋದನ್ನ ನೋಡ್ಯಾರ.”

ಆಮೇಲೆ ಅವಳೇ ಹಳೆಯ ಆವೃತ್ತಿಗಳನ್ನು ತೆರೆದು ನೋಡಿ ಒಂದು ಸಂಗತಿ ತಿಳಿಸಿದಳು. ನಿಮ್ಮಲ್ಲಿ ಯಾರೋ ಪುಣ್ಯಾತ್ಮರು ಒಂದು ಸಾಲು ಬರೆದಿದ್ದರಂತೆ. ತನ್ನ ನೆನಪು ಹಳೆಯದೆಂದು ಅನುಮಾನ ಬಂದರೆ ಗಂಟು ಏನನ್ನೂ ಸಾರದೆ, ನನಗೆ ಮರೆತಿದೆ, ನೀನೇ ಹೇಳು ಎಂದು ಎದುರಿನ ಗಂಟನ್ನು ಕೇಳುವ ಸಾಲು. ಹೊಸದರಲ್ಲಿ ಅದಿಲ್ಲ. ಚುರುಕಿಗೆ ಅಡ್ಡಿ ಎಂದು ಯಾರೋ ತೆಗೆದುಹಾಕಿದ್ದಾರೆ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಆ ಸಾಲನ್ನು ಅಡಿಪಾಯದಲ್ಲಿಡಿ. ಅದನ್ನು ತೆಗೆದರೆ ಗಂಟೇ ಏಳದಂತೆ ಮಾಡಿ.

ಇಷ್ಟು ಬರೆಯುವಷ್ಟರಲ್ಲಿ, ಗಂಟು ಸಾರಿದ ಮೇಲಿನ ಎಪ್ಪತ್ತೊಂದನೆಯ ಕಲ್ಲು ಬಿತ್ತು. ಗೋಪುರ ಎದ್ದಿದೆ. ನಮ್ಮ ಪಾಲು ಇದ್ದ ಜಾಗದಲ್ಲಿ ಸೊನ್ನೆ ಕಾಣುತ್ತಿದೆ. ನಲ್ಲಿಯ ಮುಂದೆ ಕೊಡ ಇಟ್ಟ ಹೆಂಗಸರು ಇವತ್ತು ಯಾಕೆ ತಡ ಎಂದು ಹೊರಗಿನಿಂದ ನನ್ನನ್ನು ಕೂಗಿ ಕೇಳುತ್ತಿದ್ದಾರೆ. ಬಶೀರಾಗೆ ಹೇಳಿದ್ದನ್ನು ಅವರಿಗೆ ನಾನಿನ್ನೂ ಹೇಳಿಲ್ಲ. ಬಾಗಿಲು ತೆರೆಯಲು ಹೋಗುತ್ತಿದ್ದೇನೆ.