ಅಣ್ಣನ ಎದುರಿಗೆ ಅಂದ ಹೂಂ

ಮೇ 4, ಸೋಮವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ತಪ್ಪು. ಯಾರೂ ಓದುವುದಿಲ್ಲ, ಆದರೂ ಕ್ಷಮಿಸಿ ಅಂತ ಬರೆದಿಡುತ್ತೇನೆ. ಎದೆಯ ಕಾಯಿಲೆಯಿಂದ ಪ್ರೈಮರಿಗೇ ಶಾಲೆ ಬಿಟ್ಟವಳು, ಇಷ್ಟೇ ಬರುವುದು.

ಬೆಳಿಗ್ಗೆ ಅಪ್ಪನ ಅಕ್ಕ ಲವೀನಿಯಾ ಅತ್ತೆಗೆ ಚಹಾ, ಸುಟ್ಟ ದೀವಿಹಲಸು. ಆಮೇಲೆ ಅವರ ಮೇಜು ಒರೆಸಿದೆ. ಆಸ್ಪತ್ರೆ, ಕಾನೂನು, ರೋಗಿಯ ಒಪ್ಪಿಗೆ — ಇಪ್ಪತ್ತು ವರ್ಷದಿಂದ ಅದೇ ಅವರ ಸಂಶೋಧನೆ. ಮೊದಲು ಹೊರಗಿನ ಡಾಕ್ಟರುಗಳು ರೋಗಿಯನ್ನು ಒಂಟಿಯಾಗಿ ಕೂರಿಸಿಕೊಂಡು ಸಹಿ ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಟೋಂಗಾ ದ್ವೀಪದವರನ್ನು ಹಾಗೆ ಕೇಳಬೇಡಿ, ಮನೆಮಂದಿಯನ್ನೆಲ್ಲ ಕೂರಿಸಿ ಕೇಳಿ ಅಂತ ಅತ್ತೆ ಬರೆದರು, ಭಾಷಣ ಮಾಡಿದರು, ಜಗಳವಾಡಿದರು. ಕೊನೆಗೆ ಇಲ್ಲಿನ ಆಸ್ಪತ್ರೆಯಲ್ಲಿ ನಿಯಮವೇ ಆಯಿತು. ನಾಳೆ ಆ ನಿಯಮದಂತೆ ಕೇಳುವುದು ನನ್ನನ್ನು.

ಮೇ 5

ಮುಗಿಯಿತು. ಹೃದಯದ ಕವಾಟ ಬದಲಾಯಿಸಬೇಕಂತೆ. ಹೊರದೇಶದ ಡಾಕ್ಟರು ಹೇಳಿದ್ದನ್ನು ನರ್ಸ್ ನಮ್ಮ ಭಾಷೆಯಲ್ಲಿ ಹೇಳಿದಳು. ಲೋಹದ್ದು ಹಾಕಿದರೆ ಬಾಳಿಕೆ ಜಾಸ್ತಿ. ಆದರೆ ದಿನಾ ರಕ್ತ ತೆಳುವಾಗಿಸುವ ಮಾತ್ರೆ, ಬಸಿರಾದರೆ ಅಪಾಯ. ಹಂದಿಯದು ಹಾಕಿದರೆ ಹೆರಬಹುದು. ಆದರೆ ಸವೆಯುತ್ತದೆ, ಮತ್ತೆ ಎದೆ ಕೊಯ್ಯಬೇಕು.

ಅಪ್ಪ ನಕ್ಕರು. "ಹಂದಿ ತಿಂದೇ ಬೆಳೆದವಳು. ಅದೇ ಒಗ್ಗುತ್ತೆ ಬಿಡಿ."

ಡಾಕ್ಟರು ನನ್ನ ಕಡೆ ತಿರುಗಿದರು. ಮುಟ್ಟು ಸರಿಯಾಗಿ ಆಗುತ್ತಾ, ಮಕ್ಕಳ ಆಸೆ ಇದೆಯಾ... ಎದುರಿಗೆ ಪೌಲಿಯಾಸಿ ಅಣ್ಣ. ನಮ್ಮಲ್ಲಿ ಅಣ್ಣ-ತಂಗಿ ನಡುವೆ ಅಷ್ಟು ಮರ್ಯಾದೆ, ಒಂದೇ ಟೀವಿ ಮುಂದೆಯೂ ಕೂರುವುದಿಲ್ಲ. ಅವನ ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿತು. ಎದ್ದರೆ ಡಾಕ್ಟರಿಗೆ ಅವಮಾನ, ಕೂತರೆ ನನಗೆ. ಆ ಮಾತು ನಿಂತರೆ ಸಾಕಾಗಿತ್ತು. ಹೂಂ ಅಂದೆ. ಹಂದಿಯದೇ ಆಗಬಹುದಾ ಅಂದರು. ಹೂಂ. ಎಲ್ಲದಕ್ಕೂ ಹೂಂ.

ಎಲ್ಲರಿಗೂ ಸಮಾಧಾನ. ಅತ್ತೆಗೂ.

ಮೇ 6

ಅದು ಹೂಂ ಅಲ್ಲ.

ಸೆಲಾ ನೆನಪಾಗುತ್ತಾಳೆ. ಅವಳಿಗೂ ಇದೇ ಕಾಯಿಲೆ, ಆಸ್ಪತ್ರೆಯ ಇಂಜೆಕ್ಷನ್ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಎರಡನೇ ಸಲ ಎದೆ ತೆರೆಸಲು ಆಕ್ಲೆಂಡಿಗೆ ಹೋದಳು. ಪೆಟ್ಟಿಗೆಯಲ್ಲಿ ಬಂದಳು.

ನನಗೆ ಲೋಹದ್ದು ಬೇಕು. ಒಂದೇ ಸಲ ಕೊಯ್ಯಲಿ. ಮಗು ಆಗದಿದ್ದರೆ ಬೇಡ. ಅಣ್ಣನ ಮಕ್ಕಳಿಗೆ ಅತ್ತೆ ಆಗುತ್ತೇನೆ. ನಮ್ಮಲ್ಲಿ ಅದೇನೂ ಸಣ್ಣ ಸ್ಥಾನವಲ್ಲ, ಮನೆಯಲ್ಲಿ ಅತ್ತೆಯ ಮಾತೇ ಕೊನೆ.

ಮೇ 8

ಹೇಳಿಬಿಟ್ಟೆ. ಅತ್ತೆ ಅಡುಗೆಮನೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದರು.

"ಎಲ್ಲರ ಮುಂದೆ ಒಪ್ಪಿದೆಯಲ್ಲೇ."

"ಅಣ್ಣನ ಮುಂದೆ ಒಪ್ಪಿದೆ ಅತ್ತೆ."

ಕೈ ನಿಂತಿತು. ಅರ್ಥವಾಗಲು ಅಷ್ಟು ಸಾಕಾಯಿತು ಅವರಿಗೆ. ಸಿಟ್ಟು ಬರಲೂ.

"ಇಪ್ಪತ್ತು ವರ್ಷ ಕಟ್ಟಿದ್ದನ್ನ ಇಲ್ಲಿ ಒಲೆ ಪಕ್ಕ ನಿಂತ್ಕೊಂಡು ಕೆಡವ್ತಿದ್ದೀಯಾ?"

ಆದರೂ ಹೇಳಿದೆ, ನನ್ನ ಹೂಂ ನನಗೆ ವಾಪಸ್ ಬೇಕು ಅಂತ. ಅವರು ಊಟ ಮಾಡದೆ ಎದ್ದುಹೋದರು. ಮೀನು ನಾನು ತಿಂದೆ. ಪೂರ್ತಿ.

ಮೇ 9

ಅತ್ತೆಯೇ ಬಂದು ಚಾಪೆ ಮೇಲೆ ಕೂತರು. "ಲೋಹದ್ದು ಅಂತ ನಾನೇ ಹೇಳಿಬಿಡ್ತೀನಿ. ನನ್ನ ಮಾತು ಮೀರೋರು ಯಾರಿದ್ದಾರೆ?"

ಯಾರೂ ಇಲ್ಲ. ತಮ್ಮನಾದ ಅಪ್ಪನಂತೂ ಉಸಿರೆತ್ತುವುದಿಲ್ಲ. ಸುಲಭದ ದಾರಿ. ಬಾಯಲ್ಲಿ ನೀರೂರಿತು...

ಬೇಡ ಅಂದೆ. ನಿಮ್ಮ ಬಾಯಿಂದ ಬಂದರೆ ಅದೂ ನನ್ನದಾಗುವುದಿಲ್ಲ. ಅವರು ಮತ್ತೆ ನನ್ನನ್ನೇ ಕೇಳಲಿ.

"ಹಠಮಾರಿ."

"ನಿಮ್ಮ ತಮ್ಮನ ಮಗಳು."

"ಅವನಿಗೆಲ್ಲಿದೆ ಹಠ? ನನ್ನಿಂದ ಬಂದಿರೋದು ಇದು."

ಮೇ 11

ದೊಡ್ಡವರ ಮುಂದೆ ಹೋಗುವಾಗ ನಮ್ಮವರು ಮರ್ಯಾದೆಗೆ ಉಡುವ ಒಳ್ಳೆಯ ಚಾಪೆಯನ್ನು ಅತ್ತೆ ಸೊಂಟಕ್ಕೆ ಸುತ್ತಿ, ಸಿಂಗರಿಸಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿನ ದೊಡ್ಡವರು, ಒಪ್ಪಿಗೆ ಆಗಿಹೋಗಿದೆ, ನಿಯಮ ನಿಮ್ಮದೇ ಅಲ್ಲವೇ ಮೇಡಂ ಅಂದರಂತೆ. "ಬರೆದವಳು ನಾನೇ. ತಿದ್ದೋಳೂ ನಾನೇ. ಮತ್ತೆ ಕೇಳಿ" ಅಂದು ಅವರ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತುಬಿಟ್ಟರಂತೆ. ಸಂಜೆ ನರ್ಸ್ ಬಂದು ಹೇಳಿದಳು, ನಾಳೆ ಮತ್ತೆ ಕೇಳುತ್ತಾರೆ.

ಮುಂದಿನ ತಿಂಗಳ ಭಾಷಣ ಹರಿದು ಹಾಕಿ ಹೊಸದು ಬರೆಯುತ್ತಿದ್ದಾರೆ. ನಿನ್ನ ವಿಷಯ ಹಾಕಲಾ ಅಂತ ಕೇಳಿದರು. ಯೋಚಿಸಿ ಹೇಳುತ್ತೇನೆ ಅಂದೆ. ಪೆನ್ನು ಕೆಳಗಿಟ್ಟು ಕಾದರು. ನನ್ನ ಉತ್ತರಕ್ಕೆ ಇಲ್ಲಿಯವರೆಗೆ ಯಾರೂ ಕಾದಿರಲಿಲ್ಲ.

ಮೇ 12

ಅಪ್ಪ, ಅಣ್ಣ ಆಸ್ಪತ್ರೆಯ ಹೊರಗೆ ಮರದಡಿ ಕೂತರು. ಅಣ್ಣ ಬೇಕೆಂದೇ ಬೆನ್ನು ಹಾಕಿ ಕೂತಿದ್ದ, ಪಾಪ. ಅತ್ತೆ ಮಾತ್ರ ಒಳಗೆ, ಕುರ್ಚಿಯಲ್ಲಿ. ಅವರಿದ್ದರೆ ಅವರ ಮುಖ ನೋಡಿಯೇ ಉತ್ತರ ಕೊಡುತ್ತೇನೆ. ನನಗೆ ಗೊತ್ತು. ನಮ್ಮ ವಂಶದಲ್ಲಿ ಯಾರೂ ಅವರಿಗೆ ಎದ್ದುಹೋಗಿ ಅಂದಿಲ್ಲ.

"ಅತ್ತೆ, ನೀವೂ ಹೊರಗೆ ಕೂತಿರಿ."

ಅತ್ತೆ ಎದ್ದರು. ಹೋಗುವಾಗ ಕೆನ್ನೆ ಗಿಲ್ಲಿದರು, ನೋಯುವ ಹಾಗೆ.

ಬಾಗಿಲು ನಾನೇ ಎಳೆದು ಮುಚ್ಚಿದೆ. ಡಾಕ್ಟರು ಬಾಯಿ ತೆರೆಯುವ ಮೊದಲೇ ಹೇಳಿದೆ, ಲೋಹದ್ದು.