ಹಾಡು ಮುಗಿಯುವ ತನಕ

ಜೂನ್ 9, ಸೋಮವಾರ

ಬೆಳಗ್ಗೆಯಿಂದ ಎರಡು ಸಲ ಮಧ್ವೇಶನ ಗಂಟಲಿನ ಕಫ ತೆಗೆದೆ. ಸ್ವಿಚ್ಚಿನ ಸ್ಪಂಜು ಮತ್ತೆ ಸರಿದಿತ್ತು. ಎಡಗಾಲಿನ ಹೆಬ್ಬೆರಳಿನ ಕೆಳಗೆ ಕೂರಿಸಿ ಟೇಪು ಸುತ್ತಿದೆ. ಮಧ್ವೇಶನ ಮೈಯಲ್ಲಿ ಅವನ ಮಾತು ಕೇಳುವುದು ಈಗ ಆ ಬೆರಳು, ಮತ್ತೆ ಕಣ್ಣು. ಉಳಿದದ್ದನ್ನೆಲ್ಲ ಕಾಯಿಲೆ ತೆಗೆದುಕೊಂಡಿತು.

ಹಳೇ ಮೌಸ್ ಬಿಚ್ಚಿ ಮಾಡಿದ ಸ್ವಿಚ್ಚು. ಸ್ಕ್ರೀನಿನಲ್ಲಿ ನೀರು, ಫ್ಯಾನು, ನೋವು, ಮಗ್ಗುಲು ಅಂತ ಒಂದೊಂದೇ ಚೌಕ ಬೆಳಗುತ್ತದೆ. ಬೇಕಾದ್ದು ಬೆಳಗಿದಾಗ ಒತ್ತಿದರೆ ಆ ಮಾತು ಅವನದೇ ದನಿಯಲ್ಲಿ ಬರುತ್ತದೆ. ದನಿ ಇದ್ದಾಗಲೇ ರೆಕಾರ್ಡ್ ಮಾಡಿಟ್ಟೆವಲ್ಲ, ಅದೊಂದು ಬುದ್ಧಿವಂತಿಕೆ. ಒತ್ತಿ ಹಿಡಿದರೆ ಮಾತ್ರ "ಸ್ಮೃತೀ, ಬಾ ಇಲ್ಲಿ." ಅದು ಅರ್ಜೆಂಟಿಗೆ. ಮಹಾರಾಯ ಅದನ್ನು ಬಳಸುವುದು ನನ್ನನ್ನು ಗೋಳು ಹೊಯ್ದುಕೊಳ್ಳಲು. ಇವತ್ತೂ ಆಫೀಸ್ ಕಾಲ್ ನಡುವೆ ಕರೆದ. ಓಡಿದೆ. ಆಮೇಲೆ ಒತ್ತಿದ ಚೌಕ — "ಕಾಫಿಗೆ ಸಕ್ಕರೆ ಹಾಕಿದ್ಯಾ, ಹಾಕ್ಬೇಕು ಅಂತ ಅಂದ್ಕೊಂಡ್ಯಾ?"

ಅವನು ಕಾಫಿ ಕುಡಿದು ವರ್ಷವಾಗುತ್ತಾ ಬಂತು.

ಜೂನ್ 11

ಕವನಾ ಫೋನು. ನಮ್ಮ ಟೀಮಿಗೆ ಹೊಸಬಳು. ಅವಳ ವಿಡಿಯೋ ಪ್ಲೇಯರ್ ಹ್ಯಾಂಗ್ ಆಗುತ್ತಿದೆ. ಪಾಪ, ಅಳುವ ಹಾಗಿದ್ದಳು. ನೋಡಿದೆ. ಎಲ್ಲರೂ ಮಾಡುವ ತಪ್ಪೇ.

ಮನೆಯ ಈ ಪ್ರೋಗ್ರಾಮಿಗೆ ನಾನೇ ಬರೆದ ಲೂಪನ್ನು ತೋರಿಸಿ ಹೇಳಿಕೊಟ್ಟೆ. ಲೂಪು ಸುತ್ತುತ್ತಾ ಕೇಳುತ್ತಿರುತ್ತದೆ — ಸ್ವಿಚ್ಚಿನಿಂದ ಏನಾದರೂ ಬಂತೆ? ಟೈಮರಿನಿಂದ? ಆಡಿಯೋದಿಂದ? ಬಂದರೆ ಅದಕ್ಕೆಂದು ಬರೆದಿಟ್ಟ ಕೋಡಿನ ತುಣುಕನ್ನು, ಅಂದರೆ ಕಾಲ್‌ಬ್ಯಾಕನ್ನು, ಕರೆಯುತ್ತದೆ. ಆ ಕಾಲ್‌ಬ್ಯಾಕ್ ಕೆಲಸ ಮುಗಿಸಿ ವಾಪಸ್ ಬರುವ ತನಕ ಲೂಪು ಬೇರೆ ಯಾರ ಕಡೆಯೂ ತಿರುಗುವುದಿಲ್ಲ.

"ಅದಕ್ಕೇ ಕಾಲ್‌ಬ್ಯಾಕ್ ಒಳಗೆ ಕಾಯ್ತಾ ಕೂತ್ಕೋಬಾರ್ದು ಕಣೇ. ಪ್ಲೇ ಮಾಡು ಅಂತ ಹೇಳಿ ಎದ್ದು ಬಂದ್ಬಿಡು. ಮುಗಿದ್ಮೇಲೆ ಅದೇ ಹೇಳತ್ತೆ."

"ಸಣ್ಣ ಕ್ಲಿಪ್ ಅಲ್ವಾ ಅಕ್ಕ, ಏನಾಗತ್ತೆ ಅಂತ..."

"ಏನಾಗತ್ತೆ ಅಂತ ಅಂದ್ಕೊಂಡೇ ಎಲ್ರೂ ಬರೆಯೋದು."

ಎಂಥಾ ಗುರುಮಾತೆ ನಾನು.

ಜೂನ್ 12, ಗುರುವಾರ

ಅತ್ತೆಗೊಂದು ಆಸೆ. ದೀಪ ಹಚ್ಚುವ ಹೊತ್ತಿಗೆ ಮಗನ ದನಿಯಲ್ಲಿ ದೇವರನಾಮ ಬರಬೇಕಂತೆ. ಮೊದಲೆಲ್ಲ ಅವನೇ ಹಾಡುತ್ತಿದ್ದ.

"ನಿನ್ನ ಮೆಷಿನ್ನಲ್ಲಿ ಆಗತ್ತೇನೇ?"

"ಆಗತ್ತೆ ಅತ್ತೆ. ಒಂದೈದು ನಿಮಿಷ ಕೊಡಿ."

ನಾವು ಈ ಮಾರೇನಹಳ್ಳಿ ಮನೆಗೆ ಬಂದಾಗ ಅವನು ಹಾಡಿದ್ದು ಫೋನಿನಲ್ಲಿತ್ತು. ಏಳು ನಿಮಿಷದ್ದು. ದೇವರಮನೆಗೆ ಸ್ಪೀಕರ್ ವೈರು ಎಳೆದೆ. ಟೈಮರಿಗೆ ಹೊಸ ಕಾಲ್‌ಬ್ಯಾಕ್ ಬರೆದೆ. ಅತ್ತೆ ಬೆಂಕಿಪೊಟ್ಟಣ ಹಿಡಿದು ಕಾದಿದ್ದರು. ಹಾಡು ಶುರು ಮಾಡು, ಮುಗಿಯುವ ತನಕ ಕಾಯಿ, ವಾಪಸ್ ಬಾ — ಇಷ್ಟೇ ಕೋಡ್. ಸದ್ಯಕ್ಕೆ ಸಾಕು, ಆಮೇಲೆ ಸರಿ ಮಾಡಿದರಾಯಿತು.

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಇಣುಕಿ ನೋಡಿದೆ, ಅವನೂ ಕಣ್ಣು ಮುಚ್ಚಿ ಕೇಳುತ್ತಿದ್ದ. ಬಹಳ ದಿನದ ಮೇಲೆ ಮನೆ ಮನೆಯ ಹಾಗಿತ್ತು.

ಜೂನ್ 16

ಸಂಜೆಯ ಹಾಡು ಈಗ ನೇಮವಾಗಿದೆ. ಅತ್ತೆಯದು ಒಂದೇ ಕಟ್ಟುನಿಟ್ಟು — ದೇವರನಾಮದ ನಡುವೆ ಏಳಬಾರದು. ಕುಕ್ಕರ್ ಕೂಡ ಆರಿಸಿ ಬರುತ್ತಾರೆ. ನನಗೂ ಹಿತ. ದಿನದಲ್ಲಿ ಆ ಏಳು ನಿಮಿಷ ಯಾರಿಗೂ ನಾನು ಬೇಡ.

ಜೂನ್ 19

ಮಳೆ. ಅವನಿಗೆ ಎದೆಯಲ್ಲಿ ಗೊರಗೊರ. ಮಧ್ಯಾಹ್ನ ಮೂರು ಸಲ ಕಫ ತೆಗೆದಾಯಿತು. ಕಾಲ್‌ಬ್ಯಾಕ್ ಸರಿ ಮಾಡಬೇಕಿತ್ತು... ನಾಳೆ. ಅತ್ತೆ ಕರೆಯುತ್ತಿದ್ದಾರೆ, ದೀಪದ ಹೊತ್ತು.

ಜುಲೈ 3

ಮನೆಗೆ ಬಂದೆವು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟಿದ್ದಾರೆ. ಐಸಿಯು ಬಗ್ಗೆ ಬರೆಯುವುದಿಲ್ಲ.

ಆ ಮಳೆಯ ಸಂಜೆಯದು ಬರೆಯಲೇಬೇಕು. ಹಾಡು ಬರುತ್ತಿತ್ತು. ಇಬ್ಬರೂ ಕೈಮುಗಿದು ಕೂತಿದ್ದೆವು. ಮುಗಿದ ತಕ್ಷಣ ಸ್ಪೀಕರಿನಲ್ಲಿ "ಸ್ಮೃತೀ, ಬಾ ಇಲ್ಲಿ." ಮತ್ತೆ "ಸ್ಮೃತೀ, ಬಾ ಇಲ್ಲಿ." ಮತ್ತೆ, ಮತ್ತೆ, ಒಂದರ ಬೆನ್ನಿಗೆ ಒಂದು. ಅತ್ತೆ ನಕ್ಕರು. "ನೋಡು, ಹಾಡು ಮುಗಿದಿದ್ದೇ ತಡ ಹೆಂಡ್ತಿ ಬೇಕು ಇವನಿಗೆ. ಮಂಗಳಾರತಿ ತಗೊಂಡು ಹೋಗು."

ನಾನೂ ನಕ್ಕೆ. ಮಂಗಳಾರತಿ ತೆಗೆದುಕೊಂಡೆ. ತಟ್ಟೆಯನ್ನು ಅವನಿಗೆ ತೋರಿಸೋಣವೆಂದು ಹಿಡಿದುಕೊಂಡೇ ಹೋದೆ.

ಮುಖ ನೀಲಿಯಾಗಿತ್ತು.

ಜುಲೈ 4

ಕೋಡ್ ತೆರೆದೆ. ತೆರೆಯದೆಯೂ ಗೊತ್ತಿತ್ತು.

ಹಾಡಿನ ನಡುವೆ ಕಫ ಕಟ್ಟಿದೆ. ಒತ್ತಿದ್ದಾನೆ. ಲೂಪು ಹಾಡಿನ ಕಾಲ್‌ಬ್ಯಾಕ್ ಒಳಗೆ ಕೂತಿತ್ತು. ಮತ್ತೆ ಮತ್ತೆ ಒತ್ತಿದ್ದಾನೆ. ಕರೆಗಳು ಕಳೆದುಹೋಗಲಿಲ್ಲ, ಸಾಲಾಗಿ ನಿಂತವು. ಬಿಡುವಾದ ಮೇಲೆ ಲೂಪು ಒಂದೂ ಬಿಡದೆ ತಲುಪಿಸಿತು. ಬರೆದ ಹಾಗೇ ನಡೆದುಕೊಂಡಿತು.

ಅವನು ಉಸಿರಿಗೆ ಒದ್ದಾಡುತ್ತಿದ್ದಾಗ ನಾವು ಕೇಳುತ್ತಿದ್ದದ್ದು ಅವನದೇ ದನಿ. ಅವನ ಬಾಯಿಯನ್ನು ಅವನದೇ ಹಾಡಿನಿಂದ ಮುಚ್ಚಿದವಳು ನಾನು. ಕವನಾಗೆ ಪಾಠ ಹೇಳಿದ ಮಾರನೇ ದಿನವೇ ಆ ಕೋಡ್ ಬರೆದವಳು.

ಅತ್ತೆಗೆ ಹೇಳಿದೆ. "ಹಾಡು ಬೇಕು ಅಂದೋಳು ನಾನು. ಮಂಗಳಾರತಿ ತಗೊಂಡು ಹೋಗು ಅಂದೋಳೂ ನಾನೇ. ನೀನೊಬ್ಳೇ ಹೊತ್ಕೋಬೇಡ." ಬೈದಿದ್ದರೆ ಚೆನ್ನಾಗಿತ್ತು.

ಜುಲೈ 6

ಎಲ್ಲ ಕಿತ್ತು ಹೊಸದಾಗಿ ಬರೆದೆ. ಈಗ ಯಾವ ಕಾಲ್‌ಬ್ಯಾಕೂ ಕಾಯುವುದಿಲ್ಲ. ಹಾಡನ್ನೇ ಹಾಕಿ, ನಡುವೆ ನಾನೇ ಸ್ವಿಚ್ ಒತ್ತಿ ಹಿಡಿದೆ. ಹಾಡು ತಟ್ಟನೆ ನಿಂತಿತು. "ಸ್ಮೃತೀ, ಬಾ ಇಲ್ಲಿ."

ಇಷ್ಟೇ ಕೆಲಸ. ಅರ್ಧ ದಿನವೂ ಹಿಡಿಯಲಿಲ್ಲ.

ಸ್ವಿಚ್ಚನ್ನು ಅವನ ಬೆರಳಿನ ಕೆಳಗೆ ಇಟ್ಟೆ. ಅವನು ಒತ್ತಲಿಲ್ಲ.

ಜುಲೈ 8

ಇವತ್ತೂ ಇಲ್ಲ. ಫಿಸಿಯೋ ಮೋಹನ್ ಕುಮಾರ್ ಬಂದಿದ್ದರು. ಬೆರಳು ಮಡಿಸಿ ಬಿಡಿಸಿ ನೋಡಿದರು. "ಶಕ್ತಿ ಪೂರ್ತಿ ಹೋಗಿದೆ ಅಂತ ಹೇಳೋಕಾಗಲ್ಲ ಮೇಡಂ. ಒಂಚೂರು ಇದ್ರೂ ಇರ್ಬಹುದು. ಅವ್ರಿಗೂ ಮನಸ್ಸು ಬರ್ಬೇಕಲ್ಲ."

ಅವರು ಹೋದ ಮೇಲೆ ಪಕ್ಕದಲ್ಲಿ ಕೂತು ನಡೆದದ್ದೆಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಆಮೇಲೆ ಕೇಳಿದೆ, "ಒತ್ತೋಕೆ ಆಗ್ತಿಲ್ವಾ, ಮಧು? ಆಗ್ತಿಲ್ಲ ಅಂದ್ರೆ ಒಂದ್ಸಲ ಕಣ್ಮುಚ್ಚಿ ತೆಗಿ. ನನ್ನ ಕರೆಯೋದೇ ಬೇಡ ಅಂದ್ರೆ ಎರಡು ಸಲ."

ಮುಚ್ಚಿದ. ನಾನು ಎದ್ದು ಹೋಗುವ ತನಕ ತೆಗೆಯಲೇ ಇಲ್ಲ.

ಜುಲೈ 11

ಸಂಜೆ ಸ್ನಾನಕ್ಕೆ ಹೋಗಿದ್ದೆ. "ಸ್ಮೃತೀ, ಬಾ ಇಲ್ಲಿ." ಒದ್ದೆ ಮೈಗೆ ಸೀರೆ ಸುತ್ತಿಕೊಂಡು ಓಡಿದೆ. ಕಾಲು ಜಾರಿ ಬಾಗಿಲಿಗೆ ಹೊಡೆದುಕೊಂಡೆ.

ಅತ್ತೆ. ಅವನ ಕಾಲ ಬಳಿ ಕೂತಿದ್ದರು, ಸ್ವಿಚ್ಚು ಕೈಯಲ್ಲಿ.

"ದನಿ ಕೇಳ್ಬೇಕು ಅನ್ನಿಸ್ತು ಕಣೇ. ಎಷ್ಟು ದಿನ ಆಯ್ತು ಅದನ್ನ ಕೇಳಿ."

ಮೊದಲ ಸಲ ಅವರ ಮೇಲೆ ಕಿರುಚಿದೆ. ಅವರು ಸ್ವಿಚ್ಚನ್ನು ಮತ್ತೆ ಅವನ ಬೆರಳಿನ ಕೆಳಗೆ ಇಟ್ಟು ಎದ್ದರು. ದೀಪ ಹಚ್ಚಿದರು. ಹಾಡು ಹಾಕು ಎನ್ನಲಿಲ್ಲ.

ಇನ್ನು ಆ ದನಿ ಬಂದರೂ ನಂಬುವ ಹಾಗಿಲ್ಲ. ಅದೂ ಹೋಯಿತು.

ಜುಲೈ 13, ಭಾನುವಾರ, ಸಂಜೆ

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅತ್ತೆಯೂ ಇಲ್ಲೇ, ಎದುರಿಗೆ, ನೆಲದ ಮೇಲೆ ಹುರುಳಿಕಾಯಿ ಸೋಸುತ್ತಾ. ನಾಳೆ ಸ್ವಿಚ್ಚು ತೆಗೆದುಬಿಡುತ್ತೇನೆ. ಟೇಪಿನ ಜಾಗದಲ್ಲಿ ಚರ್ಮ ಕೆಂಪಾಗಿದೆ. ಒತ್ತದ ಬೆರಳಿಗೆ ಅದೊಂದು ಶಿಕ್ಷೆ ಯಾಕೆ. ಲ್ಯಾಪ್‌ಟಾಪೂ ಆರಿಸಿಬಿಡಬೇಕು. ಯಾರೂ ಕರೆಯದ ಮನೆಯಲ್ಲಿ ಅದರೊಳಗಿನ ಲೂಪು ಇನ್ನೂ ಸುತ್ತುತ್ತಲೇ ಇದೆ. ನನಗೆ ಸಾಕಾಗಿದೆ. ಅವನಿಗೆ ನಾನು

ಕರೆಯಿತು. ಈಗ. "ಬಾ ಇಲ್ಲಿ" ಅಂತ. ಅತ್ತೆಯೂ ತಲೆ ಎತ್ತಿದ್ದಾರೆ. ಅವರ ಎರಡೂ ಕೈಯಲ್ಲಿ ಹುರುಳಿಕಾಯಿ ಇದೆ, ಮತ್ತೆ ಆ ರೂಮಿನಲ್ಲಿ ಅವನನ್ನು ಬಿಟ್ಟರೆ