ಮೇಷ್ಟ್ರ ಹೊಟ್ಟೆಯ ಸಮಾಚಾರ

ಮಂಗಳವಾರ, ಮಾರ್ಚ್ ೧೨

ನಮ್ಮ ಮನೆಯ ಸರ್ವಾಧಿಕಾರಿಣಿಗೆ, ಆಳುವವರಿಲ್ಲದೆ ಅನಾಥನಾದ ಗಂಡನ ನಮಸ್ಕಾರಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಭಾನುವಾರವೇ ಪೆನ್ನು ಹಿಡಿದೆ. ಮುಖ ತೋರಿಸಲು ನಾಚಿಕೆಯಾದವನಿಗೆ ಪತ್ರ ಅನುಕೂಲ ಎಂದುಕೊಂಡಿದ್ದೆ. ಕೈಗೂ ನಾಚಿಕೆಯಾಗುತ್ತದೆಂದು ಗೊತ್ತಿರಲಿಲ್ಲ. ನಿನ್ನ ಬಾಣಂತಿ ತಂಗಿ, ಅವಳ ಪುಟಾಣಿ ಹೇಗಿದ್ದಾರೆ? ಇಲ್ಲಿ ನಾನು, ಮಗಳು ಇಬ್ಬರೂ ಕ್ಷೇಮ. ಮೂರನೆಯವರ ಕ್ಷೇಮವನ್ನೇ ಸ್ವಲ್ಪ ವಿವರವಾಗಿ ಹೇಳಬೇಕು.

ಮೂರನೆಯವರೆಂದರೆ ಸವಾರಿ ಶಾಲೆಯ ಕುದುರೆ, ಸ್ಪರ್ಧೆಗಳಲ್ಲಿ ನಮ್ಮ ಮಗಳು ಏರುವ ಆ ಉದ್ದ ಮೋರೆಯ ಗಂಭೀರ ಜೀವ. ಮೋರೆ ನೋಡಿಯೇ ಎಲ್ಲರೂ ಮೇಷ್ಟ್ರು ಎನ್ನುತ್ತಾರಲ್ಲ, ಅವರು. ಲಾಯದಲ್ಲಿದ್ದಾಗ ಮೇಷ್ಟ್ರ ಹೊಟ್ಟೆ ಕಲ್ಲು ಕೊಟ್ಟರೂ ಅರಗಿಸೀತು. ಸ್ಪರ್ಧೆಗೆಂದು ಟ್ರಕ್ ಹತ್ತಿಸಿದರೆ ಮಾತ್ರ ಗಾಬರಿಗೆ ಭೇದಿ ಶುರು. ನೀನು ಹೋದಮೇಲೆ ಈ ಖಾತೆಯನ್ನು ನಾನೇ ವಹಿಸಿಕೊಂಡೆ.

ಪಶುವೈದ್ಯರು ಹೇಳಿದ್ದು ಸುಲಭದ್ದೇ: "ಹೊಸ ಮೇವು, ಹೊಸ ನೀರು ಬೇಡ. ಎರಡನ್ನೂ ಲಾಯದಿಂದಲೇ ತಗೊಂಡ್ಹೋಗಿ. ಹೊರಡೋ ದಿನ ಕಾಳು ಕಡಿಮೆ, ಒಣಹುಲ್ಲು ಜಾಸ್ತಿ. ಸ್ಪರ್ಧೆ ಇಲ್ದಾಗ್ಲೂ ಸುಮ್ನೆ ಟ್ರಕ್ಕಲ್ಲಿ ಒಂದು ಸುತ್ತು ಕರ್ಕೊಂಡ್ಹೋಗಿ, ಹುಲ್ಲು ತಿನ್ಸಿ ವಾಪಸ್ ತನ್ನಿ. ಆಗಾಗ ಒಂದು ಕಣ್ಣಿಟ್ಟಿರಿ. ನೋವಿಂದ ಒದ್ದಾಡಿದ್ರೆ ತಕ್ಷಣ ನನ್ನ ಕರೀರಿ."

ಎಲ್ಲವನ್ನೂ ಮಾಡಿದೆ. 'ಆಗಾಗ ಒಂದು ಕಣ್ಣು' ಎಂಬುದನ್ನು ಮಾತ್ರ ತುಸು ಧಾರಾಳವಾಗಿ ಅರ್ಥ ಮಾಡಿಕೊಂಡೆ. ಬಸ್ ನಿಲ್ದಾಣದ ಕಂಟ್ರೋಲರ್ ಅಲ್ಲವೇ ನಾನು? ಬರಬೇಕಾದದ್ದನ್ನು ಬರುವ ಮುಂಚೆಯೇ ಘೋಷಿಸದಿದ್ದರೆ ನನಗೆ ಸಮಾಧಾನವಿಲ್ಲ. ಮೇಷ್ಟ್ರ ಪಕ್ಕೆಗೆ ಕಿವಿಯಿಟ್ಟು "ಗುಡುಗುಡು ಅಂತಿದೆ!" ಎಂದು ಕೂಗುವುದು, ಬಕೆಟ್ ಹಿಡಿದು ಬಾಲದ ಹಿಂದೆ ಕಾವಲು ನಿಲ್ಲುವುದು, ಬಾಲ ಕೊಂಚ ಅಲುಗಿದರೆ "ಬಂತು, ಬಂತು!" ಎಂದು ಇಡೀ ಮೈದಾನಕ್ಕೆ ತಿಳಿಸುವುದು. ಪ್ರೀತಿಯಿಂದಲೇ ಕಣೇ.

ಭಾನುವಾರ ಒಂದು ಸಣ್ಣ ಸ್ಪರ್ಧೆಯಿತ್ತು. ನನ್ನ ಡ್ಯೂಟಿ ಬಿಡಿಸಬೇಕಾದವನು ತಡವಾಗಿ ಬಂದ. ಮಗಳು, ತರಬೇತಿಯ ಮೇಡಂ, ಮೇಷ್ಟ್ರು ಮುಂದೆ ಹೋದರು. ಹಿಂದೆ ಬಸ್ಸಿನಲ್ಲಿ ಹೋದವನು ಬೇಲಿಯಾಚೆ ಏನು ನೋಡಿದೆ ಅನ್ನುತ್ತೀ! ಮೇಷ್ಟ್ರು ಮರದ ಕೆಳಗೆ ಒಂದು ಹಿಂಗಾಲು ಸಡಿಲಿಸಿ, ಕೆಳತುಟಿ ಜೋಲುಬಿಟ್ಟು, ಪಿಂಚಣಿ ಬಂದವರ ಹಾಗೆ ಹುಲ್ಲು ಮೆಲ್ಲುತ್ತಿದ್ದಾರೆ. ಹಿಂದೆ ಲದ್ದಿ: ಗಟ್ಟಿ, ದುಂಡು, ಒಂದರ ಮೇಲೊಂದು. ಲದ್ದಿ ಕಂಡು ಕಣ್ಣು ತುಂಬಿಬಂದ ಗಂಡಸು ನಾನೊಬ್ಬನೇ ಇರಬೇಕು. ತಡೆಯಲಾರದೆ ಓಡಿದೆ. ಮೂಲೆಯಲ್ಲಿದ್ದ ಬಕೆಟ್ಟನ್ನೂ ಎತ್ತಿಕೊಂಡೆ. ನಿಲ್ದಾಣದ ಗಂಟಲಲ್ಲೇ ಕೂಗಿದೆ: "ಮಗಳೇ! ಹೊಟ್ಟೆ ಹೇಗಿದೆ?"

ಮೇಷ್ಟ್ರು ತಲೆಯೆತ್ತಿದರು. ಕಿವಿ ನೆಟ್ಟಗಾದವು. ನನ್ನನ್ನು ಗುರುತಿಸಿದರು. ಬಾಲ ಮೇಲೆದ್ದಿತು. ಪಕ್ಕದ ಸವಾರನೊಬ್ಬ ಜೀನಿನ ಕೆಳಗೆ ಹಾಕಲೆಂದು ಹರವಿಟ್ಟಿದ್ದ ಮಲ್ಲಿಗೆಯಂಥ ಬಿಳಿ ಬಟ್ಟೆಯ ಮೇಲೆ... ಬೇಡ, ನೀನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿರಬಹುದು.

"ಯಜಮಾನ್ರು ಬಂದ್ರು, ಕುದುರೆ ಸೆಲ್ಯೂಟ್ ಹೊಡೀತು!" ಎಂದರು ಯಾರೋ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಗಲು ನೋಡಿದೆ. ಮಗಳು ನಗಲಿಲ್ಲ. ಆ ಸವಾರನ ಮುಂದೆ ಕೈಮುಗಿದು, ಬಟ್ಟೆ ಎತ್ತಿಕೊಂಡು ನಲ್ಲಿಯತ್ತ ಹೊರಟವಳು ಮೆಲ್ಲಗೆ ಹೇಳಿದಳು: "ಅಪ್ಪ, ಅದಕ್ಕೆ ಏನೂ ಆಗಿರ್ಲಿಲ್ಲ. ನೀನು ಬರೋವರೆಗೆ."

ಅವಳು ರೇಗಿದ್ದರೆ ನಾನೂ ರೇಗಬಹುದಿತ್ತು. ರೇಗಲಿಲ್ಲ.

ಮೇಡಂ ನನ್ನ ಕೈಯಿಂದ ಬಕೆಟ್ ಬಿಡಿಸಿಕೊಂಡು, "ನೀವು ಹೋಗಿ ಒಂದು ಟೀ ಕುಡೀರಿ. ನಿಧಾನಕ್ಕೆ. ತುಂಬಾ ನಿಧಾನಕ್ಕೆ" ಎಂದರು. ಟೀ ಅಂಗಡಿಯ ಹಿಂದೆ ಕಳ್ಳನ ಹಾಗೆ ನಿಂತೆ. ನಾನು ಮರೆಯಾದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಮತ್ತೆ ಹುಲ್ಲಿಗೆ ಬಾಯಿ ಹಾಕಿದರು. ಮಗಳು ಒಂದು ಅಡ್ಡಕಂಬವನ್ನೂ ಬೀಳಿಸದೆ ಮೇಷ್ಟ್ರನ್ನು ಎಲ್ಲದರ ಮೇಲೂ ಹಾರಿಸಿದಳು. ಸದ್ದಿಲ್ಲದೆ ಚಪ್ಪಾಳೆ ತಟ್ಟುವುದನ್ನು ಈ ವಯಸ್ಸಿನಲ್ಲಿ ಕಲಿತೆ.

ಬರುವ ಭಾನುವಾರ ದೊಡ್ಡ ಸ್ಪರ್ಧೆ. ಗೆದ್ದರೆ ಅವಳನ್ನು ತಂಡಕ್ಕೆ ಆರಿಸುತ್ತಾರೆ. "ಬರ್ಲಾ?" ಎಂದು ಕೇಳಿದೆ. "ನಿನ್ನಿಷ್ಟ ಅಪ್ಪ" ಎಂದಳು, ಉಜ್ಜುತ್ತಿದ್ದ ಬೂಟಿನಿಂದ ಕಣ್ಣೆತ್ತದೆ. ಆ ದಿನದ ಡ್ಯೂಟಿಯನ್ನು ಕೇಳಿ ಹಾಕಿಸಿಕೊಂಡಿದ್ದೇನೆ. ಒಂದು ದಿನದ ಮಟ್ಟಿಗೆ ನೀನು ಬಂದು ಹೋಗು. ಸುಮ್ಮನೆ ಕೂತು ನೋಡುವುದು ನಿನಗೆ ಬರುತ್ತದೆ. ನನಗೆ ರಜೆ ಸಿಗಲಿಲ್ಲ ಅಂತ ಅವಳಿಗೆ ಹೇಳು. ನಂಬಿದ ಹಾಗೆ ಮಾಡುತ್ತಾಳೆ.

ಪುಟಾಣಿಗೆ ಆಯುಸ್ಸು, ಬಾಣಂತಿಗೆ ಶಕ್ತಿ, ನಿನಗೆ ಒಂದಿಷ್ಟು ನಿದ್ದೆ, ಎಲ್ಲವೂ ಧಾರಾಳವಾಗಿ ಸಿಗಲಿ.

ನಾಚಿ ಮುದುಡಿರುವ
ನಿನ್ನ ಯಜಮಾನ

ತಾ.ಕ.: ಇದನ್ನು ಮರೆತು ಕೊನೆಗೆ ಸೇರಿಸುತ್ತಿಲ್ಲ, ಮೇಲೆ ಬರೆಯಲಾಗಲಿಲ್ಲ. ಟೀ ಅಂಗಡಿಯಿಂದ ನನ್ನನ್ನು ಕರೆಯಲು ಬಂದ ಮೇಡಂ ಹೇಳಿದರು: "ನಿಮ್ಮ ಮಗಳು ಇವತ್ತು ಬೆಳಿಗ್ಗೆ ಹೊಟ್ಟೆತುಂಬ ತಿಂದ್ಲು. ನೀವಿರೋ ದಿನ ಒಂದು ತುತ್ತೂ ಇಳಿಯಲ್ಲ. ಟ್ರಕ್ ಹಿಂದೆ ಹೋಗಿ ವಾಂತಿ ಮಾಡ್ಕೊಂಡು, ಮುಖ ತೊಳ್ಕೊಂಡು ಬರ್ತಾಳೆ. ಅಪ್ಪಂಗೆ ಹೇಳ್ಬೇಡಿ, ನೊಂದ್ಕೋತಾರೆ ಅಂದಿದ್ಲು." ನಿನ್ನೆ ಊಟಕ್ಕೆ ಕೂತಾಗ "ಇನ್ನೊಂಚೂರು ಹಾಕ್ಲಾ?" ಎಂದು ಕೇಳಲು ಬಾಯಿ ತೆರೆದವನು ಕೇಳದೆ ಎದ್ದು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಸೌಟಿನ ಸದ್ದಾಯಿತು. ಅವಳೇ ಬಡಿಸಿಕೊಂಡಳು.